ಆಟ ನಡೆಸುವವರು ಯಾರು? ನನ್ನ ಅನುಭವ

ನಮ್ಮ ಗುಂಪಿನಲ್ಲಿ ಆಡಲು ಐದು ಜನ ಯಾವಾಗಲೂ ರೆಡಿ. ನಡೆಸಲು ಮಾತ್ರ ಒಬ್ಬನೇ ಇದ್ದ. ಅವನಿಗೆ ಕೆಲಸ ಜಾಸ್ತಿಯಾಗಿ ಬರುವುದು ನಿಂತ ಮೇಲೆ ಮೂರು ತಿಂಗಳು ನಮ್ಮ ದಾಳಗಳು ಡಬ್ಬಿಯಿಂದ ಹೊರಗೆ ಬರಲಿಲ್ಲ. ಟೇಬಲ್‌ಟಾಪ್ ಆರ್‌ಪಿಜಿ, ಅಂದರೆ ಮೇಜಿನ ಸುತ್ತ ಕೂತು ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಕಥೆ ಕಟ್ಟುವ ಆಟ, ಆಡಿದವರಿಗೆ ಇದು ಗೊತ್ತು. ಲೋಕವನ್ನು ವರ್ಣಿಸುವ, ಎದುರಾಳಿಗಳ ಮಾತಾಡುವ, ತೀರ್ಪು ಕೊಡುವ ಗೇಮ್ ಮಾಸ್ಟರ್ ಇಲ್ಲದಿದ್ದರೆ ನಮ್ಮಂಥವರ ಆಟ ಶುರುವೇ ಆಗುವುದಿಲ್ಲ. ಕೊನೆಗೆ ನಾನೇ ಒಪ್ಪಿಕೊಂಡೆ.

ನಾವು ಆಡುತ್ತಿದ್ದದ್ದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್, 2014ರ ಐದನೇ ಆವೃತ್ತಿ. ಮೂರು ಮುಖ್ಯ ಪುಸ್ತಕ, ಒಂದೊಂದೂ 300 ಪುಟದ ಮೇಲೆ. ಮೂರು ವಾರ ಕೂತು ಓದಿದೆ. ಕುರುಡಾಗುವುದು, ನೆಲಕ್ಕೆ ಬೀಳುವುದು, ಹೆದರುವುದು ಅಂತ ಪಾತ್ರಕ್ಕೆ ಬರಬಹುದಾದ 15 ಸ್ಥಿತಿಗಳನ್ನು ಬಾಯಿಪಾಠ ಮಾಡಿದೆ. ಮೊದಲ ದಿನ, ಹಗ್ಗದ ಸೇತುವೆಯ ಮೇಲೆ ಒಬ್ಬ ಕಾವಲುಗಾರ ನಿಂತಿದ್ದ. ಒಬ್ಬ ಗೆಳೆಯ ಕೇಳಿದ: "ಅವನ ಕೈಲಿರೋ ದೀಪ ಕಿತ್ಕೊಂಡು ಸೇತುವೆಗೆ ಬೆಂಕಿ ಹಚ್ತೀನಿ. ಆಗುತ್ತಾ?"

ಪುಸ್ತಕ ತೆಗೆದೆ. ಕಿತ್ತುಕೊಳ್ಳುವುದಕ್ಕೆ ಏನು ನಿಯಮ ಅಂತ ಒಂದರಲ್ಲಿ ಹುಡುಕಿದೆ, ಹಗ್ಗಕ್ಕೆ ಬೆಂಕಿ ಹತ್ತಿದರೆ ಏನಾಗುತ್ತದೆ ಅಂತ ಇನ್ನೊಂದರಲ್ಲಿ. ಹತ್ತು ನಿಮಿಷ ಪುಟ ಮಗುಚುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಒಬ್ಬೊಬ್ಬರೇ ಮೊಬೈಲ್ ತೆಗೆದರು. ದೀಪ ಕಿತ್ತುಕೊಳ್ಳುತ್ತೇನೆ ಅಂದವನು ತಾನೇ "ಬಿಡು, ಸುಮ್ನೆ ಕತ್ತೀಲಿ ಹೊಡೀತೀನಿ" ಅಂದ. ಅದನ್ನು ಕೇಳಿ ನನಗೆ ನಿಜವಾಗಿ ಸಂಕಟವಾಯಿತು. ಅಷ್ಟು ಒಳ್ಳೆಯ ಯೋಚನೆ, ನನ್ನ ಹುಡುಕಾಟದಲ್ಲಿ ಸತ್ತುಹೋಯಿತು.

ಆಮೇಲೆ ಗೇಮ್ ಮಾಸ್ಟರ್‌ಗೆಂದೇ ಇರುವ ಪುಸ್ತಕದ ಪರಿವಿಡಿಯನ್ನು ಮತ್ತೆ ನೋಡಿದೆ. ಮೊದಲ ಅಧ್ಯಾಯ ಸ್ವಂತ ಲೋಕ ಕಟ್ಟುವುದರ ಬಗ್ಗೆ. ಎರಡನೆಯದು ಹಲವು ಲೋಕಗಳನ್ನು ಕಟ್ಟುವುದರ ಬಗ್ಗೆ. ಆಟ ನಡೆಸುವುದು ಹೇಗೆ ಅನ್ನುವುದು ಎಂಟನೇ ಅಧ್ಯಾಯ! ಹೊಸಬರು ಮೊದಲಿಂದ ಓದಿಕೊಂಡು ಹೋದರೆ, ಲೋಕ ಸೃಷ್ಟಿಸದೆ ಆಟ ನಡೆಸುವಂತಿಲ್ಲ ಅಂದುಕೊಳ್ಳುತ್ತಾರೆ. ನಮ್ಮ ಗುಂಪಿನ ಇಬ್ಬರು ಹಾಗೇ ಅಂದುಕೊಂಡು ಹಿಂದೆ ಸರಿದಿದ್ದರು. 2024ರ ಹೊಸ ಪುಸ್ತಕದಲ್ಲಿ ಇದನ್ನು ಎರಡನೇ ಅಧ್ಯಾಯಕ್ಕೆ ತಂದಿದ್ದಾರೆ. ಸಣ್ಣ ಬದಲಾವಣೆಯಂತೆ ಕಾಣುತ್ತದೆ, ಆದರೆ ಒಬ್ಬರಿಗೆ ಧೈರ್ಯ ಬರುವುದೂ ಹೋಗುವುದೂ ಇಂಥ ಕಡೆಯಲ್ಲೇ.

ಹಾಗಾದರೆ ನಿಯಮ ಕಡಿಮೆ ಇದ್ದರೆ ಸಾಕು ಅಲ್ವಾ? ನಾನೂ ಹಾಗೇ ಅಂದುಕೊಂಡೆ. ಲೇಸರ್ಸ್ ಅಂಡ್ ಫೀಲಿಂಗ್ಸ್ ಅಂತ ಒಂದು ಆಟ ಇದೆ, ಜಾನ್ ಹಾರ್ಪರ್ ಅವರದು, ನಿಯಮವೆಲ್ಲ ಒಂದೇ ಪುಟ. ಪಾತ್ರಕ್ಕೆ 2ರಿಂದ 5ರ ಒಳಗೆ ಒಂದು ಸಂಖ್ಯೆ. ಲೆಕ್ಕಾಚಾರದ ಕೆಲಸಕ್ಕೆ ದಾಳ ಅದಕ್ಕಿಂತ ಕೆಳಗೆ ಬೀಳಬೇಕು, ಮನಸ್ಸಿನ ಕೆಲಸಕ್ಕೆ ಮೇಲೆ. ಐದು ನಿಮಿಷದಲ್ಲಿ ಕಲಿತೆವು. ಮೊದಲ ಅರ್ಧ ಗಂಟೆ ಖುಷಿಯಾಗಿ ಹೋಯಿತು. ಆಮೇಲೆ ಪ್ರತಿ ತಿರುವೂ ನನ್ನ ತಲೆಯಿಂದಲೇ ಬರಬೇಕಾಯಿತು, ಎರಡು ಗಂಟೆಗೆ ಸುಸ್ತಾದೆ. ಇದನ್ನು ನೀನು ನಡೆಸು ಅಂತ ಒಬ್ಬ ಗೆಳತಿಗೆ ಕೊಟ್ಟಾಗ ಪುಟವನ್ನು ಹಿಂದೆ ಮುಂದೆ ತಿರುಗಿಸಿ, "ಇದರಲ್ಲಿ ಏನೂ ಇಲ್ವಲ್ಲ, ಎಲ್ಲಾ ನಾನೇ ಹುಟ್ಟಿಸ್ಬೇಕಾ?" ಅಂದಳು. ಅನುಭವ ಇದ್ದವರಿಗೆ ಅದು ಚೆಂದದ ಆಟ. ಅವಳ ಭಯವನ್ನು ಅದು ಕಡಿಮೆ ಮಾಡಲಿಲ್ಲ.

ದಾರಿ ಸಿಕ್ಕಿದ್ದು 2012ರ ಡಂಜನ್ ವರ್ಲ್ಡ್ ಅನ್ನುವ ಇನ್ನೊಂದು ಆಟದಿಂದ. ಅದರಲ್ಲಿ ಎರಡು ದಾಳ ಹಾಕಿ ಕೂಡಿಸುತ್ತಾರೆ. 10 ಅಥವಾ ಜಾಸ್ತಿ ಬಂದರೆ ಕೆಲಸ ಆಯಿತು. 7ರಿಂದ 9 ಬಂದರೆ ಆಯಿತು, ಆದರೆ ಏನಾದರೂ ಬೆಲೆ ತೆರಬೇಕು. 6 ಅಥವಾ ಕಡಿಮೆ ಬಂದರೆ ಗೇಮ್ ಮಾಸ್ಟರ್ ಸರದಿ. ಹೆಚ್ಚುವರಿ ಅಂಕ ಇಲ್ಲದಿದ್ದರೆ ದಾಳ ಬೀಳಬಹುದಾದ 36 ಬಗೆಯಲ್ಲಿ 30ರಲ್ಲಿ ಕಥೆಗೆ ಏನೋ ಒಂದು ತೊಡಕು ಸೇರುತ್ತದೆ. ಆ ತೊಡಕನ್ನು ಎಲ್ಲಿಂದ ತರುವುದು ಅನ್ನುವುದಕ್ಕೆ ಗೇಮ್ ಮಾಸ್ಟರ್‌ಗೇ ಒಂದು ಪಟ್ಟಿ ಇದೆ. ಕಹಿ ಸತ್ಯವೊಂದನ್ನು ಬಯಲು ಮಾಡು, ಬರುತ್ತಿರುವ ಅಪಾಯದ ಸುಳಿವು ಕೊಡು, ಜೊತೆಯವರನ್ನು ಬೇರೆ ಮಾಡು, ಅವರ ಹತ್ತಿರ ಇರುವುದನ್ನು ಖರ್ಚು ಮಾಡಿಸು, ಹೀಗೆ. "ಈಗ ನಾನೇನು ಹೇಳಲಿ?" ಅನ್ನುವ ಪ್ರಶ್ನೆಗೆ ಉತ್ತರ ಕೊಡುವ ನಿಯಮವನ್ನು ನಾನು ಕಂಡದ್ದು ಅದೇ ಮೊದಲು.

ಅದರಲ್ಲಿ ಆರನ್ನು ಒಂದು ರಟ್ಟಿನ ಮೇಲೆ ಬರೆದುಕೊಂಡು ಹಳೇ ಆಟಕ್ಕೇ ವಾಪಸ್ ಬಂದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಸುಲಭದ ಕೆಲಸಕ್ಕೆ ದಾಳ, ಪಾತ್ರದ ಅಂಕ ಎಲ್ಲ ಸೇರಿ 10 ಮುಟ್ಟಬೇಕು, ಮಧ್ಯಮಕ್ಕೆ 15, ಕಷ್ಟಕ್ಕೆ 20 ಅಂತ ಒಂದು ಚಿಕ್ಕ ಕೋಷ್ಟಕ ಇದೆ. ಗೊತ್ತಾಗದಿದ್ದರೆ 15 ಅನ್ನಬೇಕು. ಸೋತರೆ ರಟ್ಟಿನಲ್ಲಿರುವ ಒಂದನ್ನು ಆರಿಸಬೇಕು. ನಿಯಮ ಹುಡುಕುವುದು ಏನಿದ್ದರೂ ಆಟ ಮುಗಿದ ಮೇಲೆ. ಇಷ್ಟನ್ನು ಹೇಳಿಕೊಟ್ಟು, ಇಡೀ ಆಟದ ಬದಲು ಒಂದೇ ಒಂದು ದೃಶ್ಯವನ್ನು ಹೊಸಬರ ಕೈಗೆ ಕೊಡಲು ಶುರು ಮಾಡಿದೆ. ಇಪ್ಪತ್ತು ನಿಮಿಷ ಅವರದು, ಆಮೇಲೆ ನನ್ನದು. ಇನ್ನೊಂದು ಮಾತೂ ಆಯಿತು. ಹೊಸಬರು ನಡೆಸುವಾಗ "ಪುಸ್ತಕದಲ್ಲಿ ಹಾಗಿಲ್ಲ" ಅಂತ ಯಾರೂ ಬಾಯಿ ಹಾಕಬಾರದು. ನಿಯಮ ಚೆನ್ನಾಗಿ ಬಲ್ಲವರೇ ಇದರಲ್ಲಿ ಜಾಸ್ತಿ ತಪ್ಪು ಮಾಡುತ್ತಾರೆ, ಅದೂ ಒಳ್ಳೆಯ ಮನಸ್ಸಿನಿಂದ. ಅದೊಂದು ತಿದ್ದುಪಡಿಗೆ ಬಾಯಿ ಕಟ್ಟಿಹೋದವರನ್ನು ನಾನು ನೋಡಿದ್ದೇನೆ.

ಅದೇ ಗೆಳತಿ ನದಿ ದಾಟುವ ದೃಶ್ಯ ತೆಗೆದುಕೊಂಡಳು. ನಾನು ಆಡುವವರ ಸಾಲಿನಲ್ಲಿ ಕೂತೆ. ದುಡ್ಡಿಲ್ಲದ ನಮ್ಮ ಕಳ್ಳ, ಹಿಂದೆಂದೋ ಕದ್ದ ಒಂದು ಉಂಗುರವನ್ನು ಅಂಬಿಗನಿಗೆ ತೋರಿಸಿ, ಇದು ನಮ್ಮಪ್ಪಂದು, ಇಟ್ಕೊಂಡು ದಾಟಿಸು ಅಂದ. ಅವಳು ಒಂದು ಕ್ಷಣ ಸುಮ್ಮನಾದಳು. "15," ಅಂದಳು. ದಾಳ, ಅಂಕ ಎಲ್ಲ ಸೇರಿ 12 ಆಯಿತು. ರಟ್ಟಿನ ಮೇಲೆ ಅವಳ ಬೆರಳು ಮೇಲಿಂದ ಕೆಳಗೆ ಹೋಗಿ, ಮತ್ತೆ ಮೊದಲ ಸಾಲಿಗೆ ಬಂದು ನಿಂತಿತು.

"ಅಂಬಿಗ ಉಂಗುರ ತಗೊಂಡ. ದೋಣಿ ಹೊರಟಿತು. ನಡುನೀರಲ್ಲಿ ಹುಟ್ಟು ಮೇಲೆತ್ತಿ ನಿಮ್ಮ ಕಡೆ ತಿರುಗಿದ. 'ಇದು ನನ್ನ ಅಣ್ಣಂದು. ನಿನಗೆ ಹೇಗೆ ಸಿಕ್ತು?' ಅಂತ ಕೇಳ್ತಿದ್ದಾನೆ."

ಇಪ್ಪತ್ತು ನಿಮಿಷ ಅಂತ ಮಾತಾಗಿದ್ದ ದೃಶ್ಯ ಒಂದೂವರೆ ಗಂಟೆ ನಡೆಯಿತು. ನನ್ನ ಸರದಿ ಅಂತ ನಾನು ನೆನಪಿಸಲಿಲ್ಲ. ಆ ರಟ್ಟು ಈಗ ಅವಳ ಹತ್ತಿರ ಇದೆ. ಏಳನೇ ಸಾಲು ಅವಳ ಕೈಬರಹದ್ದು.