ತಂತಿ0, ಗಾಳಿ0: ನೆಟ್‌ವರ್ಕ್ ಕಾರ್ಡುಗಳಿಗೆ ನಾನೇ ಹೆಸರಿಟ್ಟೆ

ತುಮಕೂರಿನ ನಮ್ಮ ಮನೆಯಲ್ಲಿ ಕೂತು ತಿಪಟೂರಿನ ಎರಡು ಕೊಬ್ಬರಿ ಮಂಡಿಗಳ ಲೆಕ್ಕ ನೋಡಿಕೊಳ್ಳುತ್ತೇನೆ. ಎಲ್ಲವೂ ಡೆಬಿಯನ್ ಎಂಬ ಲಿನಕ್ಸ್ ಹಾಕಿರುವ ಒಂದೇ ಲ್ಯಾಪ್‌ಟಾಪಿನಲ್ಲಿದೆ. ರಾತ್ರಿ ಹತ್ತಕ್ಕೆ ಒಂದು ಸಣ್ಣ ಸ್ಕ್ರಿಪ್ಟ್ ಓಡಿ ಲೆಕ್ಕದ ಫೈಲುಗಳನ್ನು ಬ್ಯಾಕಪ್‌ಗೆ ಕಳಿಸುತ್ತದೆ. ಕರೆಂಟ್ ಹೋದರೆ ರೂಟರ್ ಕೂಡ ಆಫ್. ಆಗ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಕೆಲಸ ಮುಂದುವರಿಸುತ್ತೇನೆ. ಫೋನಿನ ಡೇಟಾ ಬ್ಯಾಕಪ್‌ಗೇ ಖಾಲಿ ಆಗಬಾರದು ಅಲ್ವಾ? ಅದಕ್ಕೆ ಸ್ಕ್ರಿಪ್ಟಿನಲ್ಲಿ ಒಂದು ಷರತ್ತು ಬರೆದಿದ್ದೆ: 'ಡಬ್ಲ್ಯುಎಲ್‌ಪಿ2ಎಸ್0' ಚಾಲೂ ಇದ್ದರೆ ಮಾತ್ರ ಕಳಿಸು. ಅದು ನನ್ನ ವೈಫೈ ಕಾರ್ಡಿನ ಹೆಸರು.

ಡಿಸ್ಕಿನಲ್ಲಿ ಜಾಗ ಸಾಲದೆ ಹೊಸದಾಗಿ ಒಂದು ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿಸಿದೆ. ಮೂರು ವಾರ ಆದಮೇಲೆ ಯಾವುದೋ ಬಿಲ್ ಹುಡುಕಲು ಬ್ಯಾಕಪ್ ತೆರೆದರೆ, ಎಸ್‌ಎಸ್‌ಡಿ ಹಾಕಿಸಿದ ದಿನದಿಂದ ಒಂದು ಫೈಲೂ ಹೋಗಿಲ್ಲ. ಎದೆ ಧಸಕ್ಕೆಂದಿತು. ಇಂಟರ್ನೆಟ್ ಚೆನ್ನಾಗಿಯೇ ಇತ್ತು. ಕಾರ್ಡಿನ ಹೆಸರು ಮಾತ್ರ 'ಡಬ್ಲ್ಯುಎಲ್‌ಪಿ3ಎಸ್0' ಆಗಿತ್ತು!

ಆ ಹೆಸರಿನಲ್ಲಿರುವ 'ಪಿ' ಅಂದರೆ ಪಿಸಿಐ ಬಸ್ (ಕಾರ್ಡುಗಳು ಕಂಪ್ಯೂಟರಿಗೆ ಸೇರುವ ದಾರಿ) ನಂಬರ್, 'ಎಸ್' ಅಂದರೆ ಸ್ಲಾಟ್. ಹೊಸ ಎಸ್‌ಎಸ್‌ಡಿ ನಡುವೆ ಬಂದು 2ನೇ ನಂಬರ್ ತೆಗೆದುಕೊಂಡಿತು, ವೈಫೈ 3ಕ್ಕೆ ಸರಿಯಿತು. ಹಿಂದೆ 'ಇಥ್0', 'ಇಥ್1' ಅಂತ ಹೆಸರು ಬರುತ್ತಿದ್ದ ಕಾಲದಲ್ಲಿ ಯಾವ ಕಾರ್ಡ್ ಮೊದಲು ಎದ್ದಿತೋ ಅದಕ್ಕೆ ಸೊನ್ನೆ. ಆ ಗೊಂದಲ ತಪ್ಪಿಸಲು 2013ರಲ್ಲಿ, ಲಿನಕ್ಸಿನಲ್ಲಿ ಎಲ್ಲವನ್ನೂ ಚಾಲೂ ಮಾಡುವ ತಂತ್ರಾಂಶವಾದ ಸಿಸ್ಟಮ್‌ಡಿಯ 197ನೇ ಆವೃತ್ತಿ ಈ ಹೊಸ ಪದ್ಧತಿ ತಂದಿತು. ಒಳ್ಳೆಯ ಪದ್ಧತಿಯೇ. ಆದರೆ ಅದು ಹೇಳುವುದು ಕಾರ್ಡ್ ಎಲ್ಲಿ ಕೂತಿದೆ ಅಂತ. ನನಗೆ ಬೇಕಿದ್ದದ್ದು ಅದು ಯಾವ ಕಾರ್ಡ್ ಅಂತ.

ಲಿನಕ್ಸನ್ನು ಎಬ್ಬಿಸುವ ಗ್ರಬ್‌ನಲ್ಲಿ 'ನೆಟ್ ಡಾಟ್ ಇಫ್‌ನೇಮ್ಸ್' ಅನ್ನು ಸೊನ್ನೆ ಮಾಡಿದರೆ ಹಳೆಯ ಹೆಸರುಗಳೇ ವಾಪಸ್ ಬರುತ್ತವೆ. ಒಂದು ದಿನ ಹಾಗೆ ಇಟ್ಟೆ, ಆಮೇಲೆ ತೆಗೆದೆ. ನಾಳೆ ಯುಎಸ್‌ಬಿ ವೈಫೈ ಒಂದನ್ನು ಚುಚ್ಚಿದರೆ ಮತ್ತೆ ಯಾರು ಮೊದಲು ಅನ್ನುವ ಕಥೆಯೇ.

ಕೊನೆಗೆ, ಯಾವ ಕಾರ್ಡಿಗೆ ಯಾವ ಹೆಸರು ಅಂತ ಹೇಳುವ ಲಿಂಕ್ ಫೈಲ್ ಬರೆದೆ. 'ಇಟಿಸಿ' ಒಳಗೆ 'ಸಿಸ್ಟಮ್‌ಡಿ', ಅದರೊಳಗೆ 'ನೆಟ್‌ವರ್ಕ್' ಫೋಲ್ಡರ್. ಒಂದೊಂದು ಕಾರ್ಡಿಗೂ ಒಂದೊಂದು ಫೈಲ್. ಫೈಲಿನ ಹೆಸರು 10ರಿಂದ ಶುರುವಾಗಲಿ, ಕೊನೆಯಲ್ಲಿ 'ಡಾಟ್ ಲಿಂಕ್' ಇರಲಿ. ಫೈಲುಗಳನ್ನು ಹೆಸರಿನ ಕ್ರಮದಲ್ಲಿ ನೋಡುವಾಗ ಹೊಂದಿಕೆಯಾದ ಮೊದಲ ಫೈಲ್ ಮಾತ್ರ ಲೆಕ್ಕಕ್ಕೆ ಬರುತ್ತದೆ, ಸಿಸ್ಟಮ್ಮಿನ ಸ್ವಂತ ಫೈಲ್ 99ರಿಂದ ಶುರುವಾಗುತ್ತದೆ. ಒಳಗೆ ಎರಡೇ ಭಾಗ. 'ಮ್ಯಾಚ್' ಕೆಳಗೆ ಕಾರ್ಡಿನ ಮ್ಯಾಕ್ ವಿಳಾಸ (ಕಾರ್ಡಿನ ಗುರುತಿನ ಸಂಖ್ಯೆ), 'ಲಿಂಕ್' ಕೆಳಗೆ 'ನೇಮ್' ಅಂತ ನಮ್ಮ ಹೆಸರು. ನಾನು ಇಂಗ್ಲಿಷ್ ಅಕ್ಷರಗಳಲ್ಲಿ ಕೇಬಲ್ ಕಾರ್ಡಿಗೆ 'ತಂತಿ0', ವೈಫೈಗೆ 'ಗಾಳಿ0' ಅಂತ ಇಟ್ಟೆ. 15 ಅಕ್ಷರ ಮೀರುವಂತಿಲ್ಲ. 'ಇಥ್0' ಅಂತ ಮಾತ್ರ ಇಡಬೇಡಿ, ಕರ್ನಲ್ (ಲಿನಕ್ಸಿನ ತಿರುಳು) ತಾನೇ ಕೊಡುವ ಹೆಸರಿಗೆ ಡಿಕ್ಕಿ ಹೊಡೆಯುತ್ತದೆ.

ಮ್ಯಾಕ್ ವಿಷಯದಲ್ಲಿ ಜೋಪಾನ. ವೈಫೈ ಹುಡುಕುವಾಗ ನೆಟ್‌ವರ್ಕ್ ಮ್ಯಾನೇಜರ್ ತಾತ್ಕಾಲಿಕ ಮ್ಯಾಕ್ ಹಾಕಿಕೊಳ್ಳುತ್ತದೆ. ನಾನು ಮೊದಲು ಅದನ್ನೇ ನಕಲು ಮಾಡಿದ್ದೆ. 'ಐಪಿ ಲಿಂಕ್' ಆಜ್ಞೆ ಕೊಟ್ಟಾಗ 'ಪರ್ಮ್‌ಆಡ್ರ್' ಅಂತ ಪಕ್ಕದಲ್ಲಿ ಕಂಡರೆ ಅದೇ ಅಸಲಿ. ಫೈಲಿನಲ್ಲೂ 'ಪರ್ಮನೆಂಟ್‌ಮ್ಯಾಕ್‌ಅಡ್ರೆಸ್' ಅಂತಲೇ ಬರೆಯಿರಿ.

ರೀಬೂಟ್ ಮಾಡಿದಾಗ ಗಾಳಿ0 ಬಂತು, ತಂತಿ0 ಬರಲಿಲ್ಲ. ಇಡೀ ಸಂಜೆ ಇದಕ್ಕೇ ಹೋಯಿತು. ತಂತಿ ಕಾರ್ಡಿನ ಡ್ರೈವರ್, ಬೂಟ್ ಆಗುವಾಗ ಮೊದಲು ಬರುವ ಪುಟ್ಟ ಫೈಲ್ ಸಿಸ್ಟಮ್ ಆದ ಇನಿಟ್‌ರಾಮ್‌ಎಫ್‌ಎಸ್‌ನಲ್ಲೇ ಲೋಡ್ ಆಗುತ್ತಿತ್ತು. ಅಲ್ಲಿ ನನ್ನ ಹೊಸ ಫೈಲ್ ಇರಲೇ ಇಲ್ಲ. 'ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್' ಅನ್ನು 'ಯು' ಆಯ್ಕೆಯೊಂದಿಗೆ ಓಡಿಸಿ ಮತ್ತೆ ರೀಬೂಟ್ ಮಾಡಿದೆ, ಸರಿಹೋಯಿತು.

ಫೋನಿನದು ಬೇರೆಯೇ ಸಮಸ್ಯೆ. ನನ್ನ ಆಂಡ್ರಾಯ್ಡ್ ಫೋನ್ ಪ್ರತಿ ಸಲ ಜೋಡಿಸಿದಾಗಲೂ ಹೊಸ ಮ್ಯಾಕ್ ತರುತ್ತದೆ, ಹೆಸರೂ ಬದಲಾಗುತ್ತದೆ. ಅದಕ್ಕೆ ಮ್ಯಾಕ್ ಬಿಟ್ಟು ಡ್ರೈವರ್ ಹಿಡಿದೆ: 'ಮ್ಯಾಚ್' ಕೆಳಗೆ 'ಆರ್‌ಎನ್‌ಡಿಐಎಸ್_ಹೋಸ್ಟ್'. ನಿಮ್ಮ ಫೋನಿನ ಡ್ರೈವರ್ ಬೇರೆ ಇರಬಹುದು, 'ಎಥ್‌ಟೂಲ್' ಅನ್ನು 'ಐ' ಆಯ್ಕೆಯೊಂದಿಗೆ ಓಡಿಸಿದರೆ ತೋರಿಸುತ್ತದೆ. ಈಗ ಯಾವಾಗ ಚುಚ್ಚಿದರೂ ಅದು 'ಫೋನ್0'.

ಸ್ಕ್ರಿಪ್ಟಿನಲ್ಲಿ ಗಾಳಿ0 ಅಂತ ತಿದ್ದಿದೆ. ಹೆಸರು ಸಿಗದಿದ್ದರೆ ಸುಮ್ನೆ ನಿಲ್ಲದೆ ನನಗೊಂದು ಮೇಲ್ ಕಳಿಸು ಅಂತಲೂ ಸೇರಿಸಿದೆ. ಆಮೇಲೆ 'ಇಟಿಸಿ' ಪೂರ್ತಿ 'ಗ್ರೆಪ್' ಮಾಡಿ ಹಳೆಯ ಹೆಸರು ಹುಡುಕಿದೆ. ಫೈರ್‌ವಾಲ್ ನಿಯಮಗಳಲ್ಲಿ ಇನ್ನೂ ಎರಡು ಕಡೆ ಉಳಿದಿತ್ತು. ಅವನ್ನೂ ಬದಲಿಸಿ, ಆ ರಾತ್ರಿ ಹತ್ತಕ್ಕೆ ಪರದೆಯ ಮುಂದೆ ಕೂತು ಮೂರು ವಾರದ ಫೈಲುಗಳು ಒಂದೊಂದಾಗಿ ಹೋಗುವುದನ್ನು ನೋಡಿದೆ.