ಕಂಚಿಯ ಕಂಬ, ಪಟ್ಟದಕಲ್ಲಿನ ಗುಡಿ: ನಾನು ಶಾಸನ ಓದಿದ ಬಗೆ

ರಾಜ ಗುಡಿ ಕಟ್ಟಿಸಿದ್ದು ಭಕ್ತಿಗೋ, ಅಧಿಕಾರಕ್ಕೋ? ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಸುಮ್ನೆ ಬಾಯಿಮಾತಿನ ಉತ್ತರ ಕೊಡಲು ಮನಸ್ಸಾಗಲಿಲ್ಲ. ಹಾಗಾಗಿ ಒಬ್ಬನೇ ರಾಜನನ್ನು ಹಿಡಿದುಕೊಂಡೆ: ಬಾದಾಮಿ ಚಾಲುಕ್ಯರ ಎರಡನೇ ವಿಕ್ರಮಾದಿತ್ಯ. ಆಳಿದ್ದು ಸುಮಾರು ಕ್ರಿ.ಶ. 733ರಿಂದ 744ರವರೆಗೆ. ಅವನ ಕಾಲದವರು ಬರೆಸಿದ್ದನ್ನೇ ಮೊದಲು ಓದೋಣ ಅಂತ ಹೊರಟೆ.

ಶುರು ಮಾಡಿದ್ದು ಅವನಿಗಿಂತ ಹಿಂದಿನ ಶಾಸನದಿಂದ. ಬಾದಾಮಿಯಲ್ಲಿ ತಟ್ಟುಕೋಟಿ ಹನುಮಪ್ಪನ ಗುಡಿಯ ಹತ್ತಿರ ಒಂದು ಬಂಡೆಯಿದೆ. ಕಂಚಿಯಿಂದ ಆಳುತ್ತಿದ್ದ, ಚಾಲುಕ್ಯರ ಶತ್ರುಗಳಾದ ಪಲ್ಲವರ ರಾಜ ನರಸಿಂಹವರ್ಮ 642ರ ಸುಮಾರಿಗೆ ಊರನ್ನು ಗೆದ್ದು ಅದರ ಮೇಲೆ ಬರೆಸಿದ್ದಾನೆ. ಚಾಲುಕ್ಯರ ರಾಜಧಾನಿಯಲ್ಲೇ ಶತ್ರುವಿನ ಅಕ್ಷರ! ವಿಕ್ರಮಾದಿತ್ಯ ಹುಟ್ಟಿ ಬೆಳೆದದ್ದು ಆ ಬಂಡೆ ಇದ್ದ ನಾಡಿನಲ್ಲಿ. ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಂಚಿಗೆ ಹೋಗಬೇಕು.

ಕಂಚಿಯ ಕೈಲಾಸನಾಥ ಗುಡಿಯನ್ನು ಕಟ್ಟಿಸಿದವನು ಪಲ್ಲವ ರಾಜಸಿಂಹ. ಅದರ ಮುಂದಿನ ಮಂಟಪದ ಕಂಬವೊಂದರ ಹಿಂಬದಿಯಲ್ಲಿ ವಿಕ್ರಮಾದಿತ್ಯನ ಶಾಸನವಿದೆ, ಅದೂ ಕನ್ನಡದಲ್ಲಿ. ಶಾಸನದ ಅಚ್ಚಾದ ಪಾಠವನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿಕೊಂಡು ಹೋಗಿದ್ದೆ. ನೆತ್ತಿಯ ಬಿಸಿಲಲ್ಲಿ ಸವೆದ ಅಕ್ಷರ ಕಾಣುವುದಿಲ್ಲ. ಬೆಳಕು ಪಕ್ಕದಿಂದ ಬೀಳಬೇಕು. ಬೆಳಗಿನ ಓರೆ ಬಿಸಿಲು ಒಳ್ಳೆಯದು, ನೆರಳಿನಲ್ಲಿರುವ ಕಂಬಕ್ಕೆ ಟಾರ್ಚನ್ನು ಪಕ್ಕದಿಂದ, ಬೆಳಕು ಕಲ್ಲನ್ನು ಸವರಿಕೊಂಡು ಹೋಗುವ ಹಾಗೆ ಹಿಡಿದರೆ ಸಾಕು. ಸೀಮೆಸುಣ್ಣ, ಅರಿಶಿನ ಏನನ್ನೂ ಕಲ್ಲಿಗೆ ಹಚ್ಚಬೇಡಿ, ದಯವಿಟ್ಟು. ಹಳೆಯ ಲಿಪಿಯಲ್ಲಿ ಮ ಮತ್ತು ವ ಒಂದೇ ಥರ ಕಾಣುತ್ತವೆ. ಒಂದೊಂದು ಅಕ್ಷರವನ್ನೂ ಪಾಠದ ಜೊತೆ ಹೋಲಿಸುತ್ತಾ ಹೋದೆ.

ಶಾಸನ ಹೇಳುವುದು ಇಷ್ಟು: ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಇದೇ ಗುಡಿಯ ಶಿವನಾದ ರಾಜಸಿಂಹೇಶ್ವರ ದೇವರ ಸಂಪತ್ತನ್ನು ನೋಡಿದ. ಅದನ್ನು ಮತ್ತೆ ದೇವರಿಗೇ ಬಿಟ್ಟುಕೊಟ್ಟ. ಕೊನೆಗೆ, ಈ ಅಕ್ಷರ ಅಳಿಸಿದವರಿಗೆ ಶಾಪ.

ಇಷ್ಟಕ್ಕೇ ನಿಲ್ಲಿಸಿದರೆ ಅವನು ಬರೀ ದೊಡ್ಡ ಭಕ್ತ ಅನಿಸುತ್ತದೆ, ಅಲ್ವಾ? ಅದಕ್ಕೇ ಅವನ ಮಗ ಎರಡನೇ ಕೀರ್ತಿವರ್ಮನ ತಾಮ್ರಪಟವನ್ನು ಪಕ್ಕದಲ್ಲಿಟ್ಟುಕೊಂಡೆ. ಕೋಲಾರ ಕಡೆಯ ವಕ್ಕಲೇರಿಯಲ್ಲಿ ಸಿಕ್ಕಿದ, 757ರ ದಾನಪತ್ರ ಅದು. ತಂದೆ ಪಲ್ಲವ ರಾಜನಿಂದ ಏನೇನು ಕಿತ್ತುಕೊಂಡ ಎಂದು ಅದರಲ್ಲಿದೆ: ಕಟುಮುಖವಾದಿತ್ರ, ಸಮುದ್ರಘೋಷ ಎಂಬ ವಾದ್ಯಗಳು, ಖಟ್ವಾಂಗದ ಬಾವುಟ, ಆನೆಗಳು, ಮಾಣಿಕ್ಯಗಳು. ಊರನ್ನು ಹಾಳುಮಾಡದೆ ಒಳಹೊಕ್ಕ, ಗುಡಿಗಳಿಗೆ ಚಿನ್ನ ಮರಳಿಸಿದ ಎಂಬುದೂ ಅಲ್ಲೇ ಇದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಆ ಬಾವುಟ. ಖಟ್ವಾಂಗ ಅಂದರೆ ತುದಿಯಲ್ಲಿ ತಲೆಬುರುಡೆ ಇರುವ ಕೋಲು, ಶಿವನ ಆಯುಧ. ಅಂದರೆ ಪಲ್ಲವನು ಶಿವನ ಗುರುತಿನಡಿ ಯುದ್ಧಕ್ಕೆ ನಿಂತವನು. ವಿಕ್ರಮಾದಿತ್ಯ ಆ ಗುರುತನ್ನು ರಾಜನಿಂದ ಕಸಿದುಕೊಂಡ, ಶಿವನ ಚಿನ್ನವನ್ನು ಮಾತ್ರ ಶಿವನಿಗೇ ಬಿಟ್ಟ. ಶಿವ ನಿನ್ನೊಬ್ಬನ ಪಾಲಲ್ಲ ಎಂದು ಸೋತವನಿಗೆ ಹೇಳಿದ ಹಾಗಿದೆ. ಸೋತವನ ಮನೆತನದ ಗುಡಿಯಲ್ಲೇ, ಗೆದ್ದವನ ಭಾಷೆಯಲ್ಲಿ. ಭಕ್ತಿ ಬೇರೆ, ಅಧಿಕಾರ ಬೇರೆ ಎಂದು ಇಲ್ಲಿ ಗೆರೆ ಎಳೆಯಲು ನನ್ನಿಂದ ಆಗುವುದಿಲ್ಲ.

ಆಮೇಲೆ ಪಟ್ಟದಕಲ್ಲು. ವಿಕ್ರಮಾದಿತ್ಯ ಕಂಚಿಯನ್ನು ಮೂರು ಸಲ ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಲೋಕೇಶ್ವರ ಗುಡಿ ಕಟ್ಟಿಸಿದಳು. ಇಂದಿನ ವಿರೂಪಾಕ್ಷ ಗುಡಿ ಅದೇ. ಶಿಲ್ಪಿ ಗುಂಡ ಅನಿವಾರಿತಾಚಾರಿಗೆ ಸಿಕ್ಕ ಬಿರುದು ಕೂಡ ಅಲ್ಲಿನ ಕಲ್ಲಿನಲ್ಲಿದೆ. ಇನ್ನೊಂದು ಶಾಸನದಲ್ಲಿ, ಮಾವ, ಅಂದರೆ ವಿಕ್ರಮಾದಿತ್ಯನ ತಂದೆ ವಿಜಯಾದಿತ್ಯ ಹಾಡುಗಾರರಿಗೆ ಕೊಟ್ಟಿದ್ದ ಹಕ್ಕನ್ನು ರಾಣಿ ಹಾಗೇ ಉಳಿಸಿಕೊಟ್ಟಿದ್ದಾಳೆ. ಗೆಲುವಿನ ಗುಡಿ ಹೀಗೆ ಹಲವರಿಗೆ ಅನ್ನವನ್ನೂ ಕೊಟ್ಟಿತು.

ಈಗ ತರಗತಿಯಲ್ಲಿ ಬಂಡೆ, ಕಂಬ, ತಾಮ್ರಪಟ, ಗುಡಿ ನಾಲ್ಕರ ಪಾಠವನ್ನೂ ಒಟ್ಟಿಗೇ ಕೊಡುತ್ತೇನೆ. ಯಾರು ಬರೆಸಿದರು, ಎಲ್ಲಿ ಬರೆಸಿದರು, ಯಾರ ಕಣ್ಣಿಗೆ ಬೀಳಲಿ ಅಂತ ಬರೆಸಿದರು? ಭಕ್ತಿಯೋ ಅಧಿಕಾರವೋ ಎಂಬ ಪ್ರಶ್ನೆಗೆ ಹೋಗುವ ಮೊದಲು ವಿದ್ಯಾರ್ಥಿಗಳು ಇವಕ್ಕೆ ಉತ್ತರ ಬರೆಯಬೇಕು.