ಷರಾ ಕಾಲಂನಲ್ಲಿ ಸಿಕ್ಕ ಬಾಡಿಗೆದಾರರು

ಬೆಂಗಳೂರಿನಲ್ಲಿ ಸಾಲ ಕಟ್ಟಲಾಗದೆ, ಬಾಡಿಗೆ ಕಟ್ಟಲಾಗದೆ ವರ್ಷಕ್ಕೆ ಎಷ್ಟು ಜನ ಮನೆ ಬಿಡುತ್ತಾರೆ? ನಮ್ಮ ಸಂಸ್ಥೆಯ ಮೀಟಿಂಗಿನಲ್ಲಿ ಈ ಪ್ರಶ್ನೆ ಬಂದಾಗ, "ಒಂದು ಆರ್‌ಟಿಐ ಹಾಕಿದರೆ ಆಯ್ತಲ್ವಾ" ಅಂತ ಜಂಬದಿಂದ ಹೇಳಿದವನು ನಾನೇ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಕಳಿಸಿದೆ. ಉತ್ತರ ಒಂದೇ ಸಾಲು: "ಕೋರಿರುವ ಮಾಹಿತಿಯು ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ."

ತಪ್ಪು ನಾನು ಕೇಳಿದ ರೀತಿಯಲ್ಲೇ ಇತ್ತು. ಆರ್‌ಟಿಐಯಲ್ಲಿ ಕಡತದಲ್ಲಿರೋದನ್ನು ಕೊಡುತ್ತಾರೆ, ನಮಗಾಗಿ ಕೂತು ಎಣಿಸಿ ಕೊಡಲ್ಲ. ಎಣಿಸಬೇಕಾದವನು ನಾನೇ ಅಂತ ಅರ್ಥವಾದ ಮೇಲೆ ದಿನಪತ್ರಿಕೆಗಳಿಂದ ಶುರು ಮಾಡಿದೆ.

ಅಡವಿಟ್ಟ ಸ್ವತ್ತನ್ನು ಬ್ಯಾಂಕು ಕೋರ್ಟಿನಲ್ಲಿ ದಾವೆ ಹೂಡದೆಯೇ ವಶಕ್ಕೆ ತೆಗೆದುಕೊಳ್ಳಲು ಬಿಡುವ ಸರ್ಫೇಸಿ ಕಾಯ್ದೆ 2002ರದ್ದು. ಸಾಲದ ಕಂತು ನಿಂತರೆ ಬ್ಯಾಂಕು ಮೊದಲು 60 ದಿನದ ನೋಟಿಸ್ ಕೊಡುತ್ತದೆ. ಆಮೇಲೂ ಕಟ್ಟದಿದ್ದರೆ ಸ್ವತ್ತನ್ನು ಸ್ವಾಧೀನಕ್ಕೆ ತೆಗೆದುಕೊಂಡು, ಏಳು ದಿನದೊಳಗೆ ಎರಡು ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಅದರಲ್ಲೊಂದು ಸ್ಥಳೀಯ ಭಾಷೆಯದ್ದಿರಬೇಕು. ಹಾಗಾಗಿ ಕನ್ನಡ ಪತ್ರಿಕೆಗಳ ಒಳಪುಟಗಳಲ್ಲಿ, ನಾವು ಓದದೆ ಮಗುಚುವ ಆ ಇರುವೆ ಅಕ್ಷರದ ಚೌಕಗಳಲ್ಲಿ, ಈ ಮನೆಗಳೆಲ್ಲ ಇವೆ. ಸೈಟ್ ನಂಬರ್, ಅಳತೆ, ಚೆಕ್ಕುಬಂದಿ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇನ್ಯಾರದೋ ಸ್ವತ್ತು.

ಮೂರು ತಿಂಗಳು ಕತ್ತರಿಸಿ, ಎಕ್ಸೆಲ್‌ಗೆ ತುಂಬಿಸಿದೆ. ಸಂಖ್ಯೆ ನೋಡಿ ನನಗೇ ಗಾಬರಿ. ಜೊತೆಯಲ್ಲಿದ್ದ ಹುಡುಗಿ ಸುಮ್ನೆ ಸೈಟ್ ನಂಬರ್ ಪ್ರಕಾರ ಜೋಡಿಸಿದಳು ನೋಡಿ, ಬಣ್ಣ ಬಯಲಾಯಿತು. ಒಂದೇ ಮನೆ ಬೇಡಿಕೆ ನೋಟಿಸ್‌ನಲ್ಲೊಮ್ಮೆ, ಸ್ವಾಧೀನ ನೋಟಿಸ್‌ನಲ್ಲೊಮ್ಮೆ, ಹರಾಜಿನಲ್ಲೊಮ್ಮೆ ಬಂದಿತ್ತು. ನಾನು ಮೂರು ಮನೆ ಅಂತ ಲೆಕ್ಕ ಹಾಕಿದ್ದೆ. ಅಷ್ಟೇ ಅಲ್ಲ, 'ಸಾಂಕೇತಿಕ ಸ್ವಾಧೀನ' ಅಂದರೆ ಬಾಗಿಲಿಗೆ ನೋಟಿಸ್ ಅಂಟಿಸಿದ್ದು ಮಾತ್ರ, ಒಳಗೆ ಅನ್ನ ಬೇಯುತ್ತಲೇ ಇರುತ್ತದೆ. ಹಾಗಾಗಿ ನೋಟಿಸ್ ಬಿಟ್ಟು ಮನೆಗೊಂದು ಸಾಲು, ಹಂತಕ್ಕೊಂದು ತಾರೀಖು ಅಂತ ಹಾಳೆಯನ್ನು ಮತ್ತೆ ಕಟ್ಟಿದೆವು. ಹೆಸರುಗಳನ್ನು ಅಳಿಸಿಬಿಟ್ಟೆವು. ಪತ್ರಿಕೆಯಲ್ಲಿ ಬಂದಿರಬಹುದು, ಆದರೂ ಯಾರದೋ ಕಷ್ಟವನ್ನು ನಮ್ಮ ಫೈಲಲ್ಲಿ ಹೊತ್ತು ತಿರುಗೋದು ನನಗೆ ಸರಿ ಕಾಣಲಿಲ್ಲ.

ಬಾಡಿಗೆ ಕಡೆಗೆ ಬಂದಾಗ ಇನ್ನೊಂದು ಎಡವಟ್ಟು. ಕೋರ್ಟ್ ಕೇಸುಗಳ ವಿವರ ಸಿಗುವ ಇ-ಕೋರ್ಟ್ಸ್ ತಾಣದಲ್ಲಿ 'ಎಚ್‌ಆರ್‌ಸಿ', ಅಂದರೆ ಬಾಡಿಗೆ ಕಾಯ್ದೆಯ ಕೇಸುಗಳನ್ನಷ್ಟೇ ಹುಡುಕಿದೆ. ತೀರಾ ಕಡಿಮೆ. ಖುಷಿಯಿಂದ ವಕೀಲ ಗೆಳೆಯರಿಗೆ ಹೇಳಿದರೆ ಅವರು ನಕ್ಕರು. "1999ರ ಬಾಡಿಗೆ ಕಾಯ್ದೆ ಬೆಂಗಳೂರಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ವಾಸದ ಮನೆಗೆ ಅನ್ವಯಿಸಲ್ಲ ಮಾರಾಯ. ಆ ಬಾಡಿಗೆಗೆ ಈಗ ಎಲ್ಲಪ್ಪಾ ಮನೆ?" ಉಳಿದವರ ಮೇಲೆ ಬೇರೆ ನಮೂನೆಯ ದಾವೆ ಬೀಳುತ್ತದೆ. ಇನ್ನು ಓನರ್ ಅಡ್ವಾನ್ಸ್ ಮುರಿದುಕೊಂಡು "ತಿಂಗಳೊಳಗೆ ಖಾಲಿ ಮಾಡಿ" ಅಂದಾಗ ಹೋಗುವವರದು ಯಾವ ಕೋರ್ಟಲ್ಲೂ ಇಲ್ಲ.

ಒಂದು ಭಾನುವಾರ ಚೆಕ್ಕುಬಂದಿ ಹಿಡಿದುಕೊಂಡು ಒಂದು ಮನೆಗೆ ಹೋದೆವು. ಗೇಟಿಗೆ ಬ್ಯಾಂಕಿನ ಬೀಗ. ಮೆಟ್ಟಿಲ ಕೆಳಗೆ ತುಳಸಿ ಕುಂಡ, ಒಂಟಿ ಚಪ್ಪಲಿ. ಪಕ್ಕದ ಮನೆಯ ಅಜ್ಜಿ, "ಓನರ್ ಯಾವತ್ತೂ ಇಲ್ಲಿರಲಿಲ್ಲಪ್ಪ. ಕೆಳಗೆ ಒಂದು, ಮೇಲೆ ಒಂದು, ಎರಡು ಸಂಸಾರ ಬಾಡಿಗೆಗಿದ್ವು. ಎಲ್ಲಿ ಹೋದ್ರೋ" ಅಂದರು. ನಮ್ಮ ಹಾಳೆಯಲ್ಲಿ ಆ ಮನೆ ಮಾಲೀಕರ ಲೆಕ್ಕದಲ್ಲಿತ್ತು. ಹೊರಗೆ ಬಿದ್ದವರು ಎಲ್ಲೂ ಇರಲಿಲ್ಲ. ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರ್‌ನಲ್ಲಿ, ಸ್ವಾಧೀನವಾದ ಸ್ವತ್ತುಗಳ ಪಟ್ಟಿಯನ್ನು ಬ್ಯಾಂಕುಗಳು ತಮ್ಮ ವೆಬ್‌ಸೈಟಲ್ಲಿ ಹಾಕಬೇಕು ಅಂತ ಹೇಳಿತು. ಒಳ್ಳೆಯದೇ, ನಮ್ಮ ಕತ್ತರಿ ಕೆಲಸ ಕಡಿಮೆಯಾಯಿತು. ಅದರಲ್ಲೂ ಸಾಲಗಾರ, ಜಾಮೀನುದಾರ, ಸ್ವತ್ತಿನ ಒಡೆಯ ಅಷ್ಟೇ.

ಹಾಗಾದರೆ ಒಳಗಿದ್ದವರನ್ನು ಕಣ್ಣಾರೆ ನೋಡುವವರು ಯಾರು? ಸರ್ಫೇಸಿಯ 14ನೇ ಕಲಂ ಪ್ರಕಾರ ಬ್ಯಾಂಕು ಜಿಲ್ಲಾ ಮ್ಯಾಜಿಸ್ಟ್ರೇಟರ ಅಥವಾ ಕೋರ್ಟಿನ ನೆರವು ಕೇಳಬಹುದು. ಆಗ ಸ್ಥಳಕ್ಕೆ ಹೋಗಿ ಮನೆ ಬಿಡಿಸುವವರು ಕಂದಾಯದವರು ಅಥವಾ ಕೋರ್ಟ್ ನೇಮಿಸಿದವರು. ಎರಡನೇ ಆರ್‌ಟಿಐಯಲ್ಲಿ "ಎಷ್ಟು ಜನ" ಅಂತ ಕೇಳಲಿಲ್ಲ. ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ, "14ನೇ ಕಲಂ ಅರ್ಜಿಗಳ ವಹಿಯ ಪ್ರತಿ ಕೊಡಿ" ಅಂತಷ್ಟೇ ಕೇಳಿದೆ. ಈ ಸಲ ಸಿಕ್ಕಿತು.

ಆ ವಹಿ ಬರೆಯುವ ಕೇಸ್ ವರ್ಕರ್ ಅವರನ್ನು ಹೋಗಿ ಕಂಡೆ. ವಾಸವಿದ್ದ ಸಂಸಾರಗಳು ಎಷ್ಟು, ಮಾಲೀಕರೋ ಬಾಡಿಗೆದಾರರೋ, ಇಷ್ಟು ಬರೆಯೋಕಾಗುತ್ತಾ ಸಾರ್ ಅಂದೆ. "ಹೊಸ ಕಾಲಂ ಹಾಕೋಕೆ ಮೇಲಿಂದ ಆದೇಶ ಬೇಕು" ಅಂದರು. ಅದೂ ನಿಜವೇ. ಮೇಲಿನವರಿಗೆ ಒಂದು ಪುಟದ ಮನವಿ ಕೊಟ್ಟಿದ್ದೇವೆ, ಇನ್ನೂ ಉತ್ತರ ಬಂದಿಲ್ಲ.

ಹೋದ ತಿಂಗಳು ಮುಂದಿನ ಪುಟಗಳ ಪ್ರತಿ ಬಂತು. ಕೊನೆಯ ಷರಾ ಕಾಲಂನಲ್ಲಿ, ಕೆಲವು ಸಾಲುಗಳ ಎದುರು ಪೆನ್ಸಿಲ್‌ನಲ್ಲಿ ಸಣ್ಣಗೆ ಬರೆದಿತ್ತು: "ಬಾಡಿಗೆ, 2 ಸಂಸಾರ."